ಹನ್ನೊಂದನೇ ಸಲ ಕ್ರ್ಯಾಶ್

1/8

ಮೊನ್ನೆ ಸ್ಟೋರಿಯಲ್ಲಿ ಬರೀ "ಹನ್ನೊಂದನೇ ಸಲ" ಅಂತ ಹಾಕಿದ್ನಲ್ಲ, ಎಷ್ಟು ಜನ ಮೆಸೇಜ್ ಮಾಡಿದ್ರಿ! ಇಬ್ಬರಂತೂ ನಾನು ಕಾಸ್ಟಿಂಗ್ ಪೇಪರ್ ಬಗ್ಗೆ ಹೇಳ್ತಿದ್ದೀನಿ ಅಂದ್ಕೊಂಡು ಸಮಾಧಾನ ಬೇರೆ ಮಾಡಿದ್ರಿ. ಇಲ್ಲ ಕಣ್ರೋ, ಅದು ಪರೀಕ್ಷೆ ಅಲ್ಲ. ನಮ್ಮ ಅಕ್ಕನ ಕಂಪ್ಯೂಟರ್ ಕಥೆ. ಒಂದೇ ಪೋಸ್ಟಲ್ಲಿ ಹಿಡಿಯಲ್ಲ, ಅದಕ್ಕೇ ಎಂಟು ಭಾಗ ಮಾಡಿ ಹಾಕ್ತಿದ್ದೀನಿ.

ಮೊದಲನೇ ಫೋಟೋದಲ್ಲಿರೋದು ಪೀಣ್ಯ 2ನೇ ಹಂತದಲ್ಲಿರೋ ನಮ್ಮಪ್ಪನ ವರ್ಕ್‌ಶಾಪ್‌ನ ಮೇಲಿನ ರೂಮು. ಕೆಳಗಡೆ ವೆಲ್ಡಿಂಗ್, ಕಟಿಂಗ್, ಡ್ರಿಲ್ಲಿಂಗ್. ಮೇಲೆ ಒಂದು ಉದ್ದನೆ ಟೇಬಲ್ಲು, ಎರಡು ಕಂಪ್ಯೂಟರ್ರು. ಎಡಗಡೆಯದು ನನ್ನದು. ಕಾಲೇಜು ಮುಗಿಸಿ ಬಂದು ಬಿಲ್ಲು, ಜಿಎಸ್‌ಟಿ, ಸಂಬಳದ ಲೆಕ್ಕ ಎಂಟ್ರಿ ಮಾಡ್ತೀನಿ. ಬಲಗಡೆಯದು ಅಕ್ಕನದು. ಅವಳು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದಾಳೆ. ನಾವು ಮಾಡೋ ಕನ್ವೇಯರ್‌ಗಳೆಲ್ಲ ಮೊದಲು ಹುಟ್ಟೋದು ಅವಳ ಸ್ಕ್ರೀನ್ ಮೇಲೆ, ಕ್ಯಾಡ್ ಸಾಫ್ಟ್‌ವೇರ್‌ನಲ್ಲಿ. ಆಮೇಲೆ ಕೆಳಗಡೆ ಕಬ್ಬಿಣದಲ್ಲಿ.

ಆವತ್ತು ಸಂಜೆ ಆರು ಗಂಟೆಗೆ ಅವಳು ಒಂದು ಬಟನ್ ಒತ್ತಿದಳು. ಬಟನ್ ಹೆಸರು ಸಿಂಪ್ಲಿಫೈ, ಅಂದ್ರೆ ಸರಳ ಮಾಡು. ಹೆಸರಲ್ಲಿ ಮಾತ್ರ ಸರಳ. ಪರ್ಸೆಂಟೇಜ್ ಎಂಬತ್ತರ ಹತ್ತಿರ ಹೋಯ್ತು, ಕಿಟಕಿ ಬೆಳ್ಳಗಾಯ್ತು, ಪ್ರೋಗ್ರಾಂ ಮಾಯ. ಎರರ್ ಮೆಸೇಜೂ ಇಲ್ಲ, ಕ್ಷಮಿಸಿ ಅನ್ನೋದೂ ಇಲ್ಲ. ಇಂಥದ್ದು ನಿಮಗೂ ಆಗಿರುತ್ತೆ, ಕ್ಯಾಡ್ ಅಲ್ಲದಿದ್ರೂ ಬೇರೆ ಯಾವುದರಲ್ಲಾದ್ರೂ. ಆಗ ಏನು ಮಾಡ್ತೀರಿ? ಇನ್ನೊಂದು ಸಲ ಒತ್ತುತೀರಿ. ನಾವೂ ಒತ್ತಿದ್ವಿ. ಆರು ಸಲ.

2/8

ಸರಳ ಮಾಡೋದು ಅಂದ್ರೆ ಏನು ಅಂತ ಬಿಕಾಂ ಭಾಷೆಯಲ್ಲೇ ಹೇಳ್ತೀನಿ.

ಕ್ಯಾಡ್‌ನಲ್ಲಿ ಒಂದೊಂದು ಬಿಡಿಭಾಗಕ್ಕೂ ಒಂದು ಪಾರ್ಟ್ ಇರುತ್ತೆ: ಪ್ಲೇಟು, ರೋಲರ್ರು, ಬೇರಿಂಗು, ಬೋಲ್ಟು, ವಾಷರ್ರು. ಇವನ್ನೆಲ್ಲ ಜೋಡಿಸಿದ್ರೆ ಅಸೆಂಬ್ಲಿ. ಈ ಸಲದ ಕನ್ವೇಯರ್ ಲೈನಲ್ಲಿ 2,314 ಪಾರ್ಟ್ ಇದ್ವು. ಅರ್ಧಕ್ಕರ್ಧ ನಟ್ಟು, ಬೋಲ್ಟು, ವಾಷರ್ರೇ. ಫೋಲ್ಡರ್ ಸೈಜು 412 ಎಂಬಿ.

ಗಿರಾಕಿಗೆ ಇದಷ್ಟೂ ಬೇಡ. ಅವರಿಗೆ ಬೇಕಿರೋದು ಇಷ್ಟೇ: ಈ ಮಷೀನು ನಮ್ಮ ಫ್ಯಾಕ್ಟರಿಯ ನೆಲದ ಮೇಲೆ ಎಷ್ಟು ಜಾಗ ತಗೊಳ್ಳುತ್ತೆ, ಎತ್ತರ ಎಷ್ಟು, ಕಾಲುಗಳು ಎಲ್ಲಿ ಬರ್ತವೆ, ಡಬ್ಬ ಎಲ್ಲಿಂದ ಒಳಗೆ ಹೋಗಿ ಎಲ್ಲಿಂದ ಹೊರಗೆ ಬರುತ್ತೆ. ಅದಕ್ಕೆ ಹೊರಗಿನ ಆಕಾರ ಮಾತ್ರ ಉಳಿಸಿ, ಒಳಗಿನದನ್ನೆಲ್ಲ ತೆಗೆದು, ಸಣ್ಣ ತೂತುಗಳನ್ನ ಮುಚ್ಚಿ, ಒಂದು ಹಗುರ ಮಾಡೆಲ್ ಮಾಡಿ ಸ್ಟೆಪ್ ಫೈಲಾಗಿ ಕಳಿಸಬೇಕು. ಸ್ಟೆಪ್ ಅನ್ನೋದು ಐಎಸ್‌ಒ 10303 ಅನ್ನೋ ಸ್ಟ್ಯಾಂಡರ್ಡ್. ನಿಮ್ಮ ಸಾಫ್ಟ್‌ವೇರ್ ಯಾವುದೇ ಇರಲಿ, ಅವರದ್ದು ಯಾವುದೇ ಇರಲಿ, ಇದನ್ನ ಇಬ್ಬರೂ ಓದಬಹುದು.

ನಮಗೆ ಅರ್ಥ ಆಗೋ ಹಾಗೆ ಹೇಳಿದ್ರೆ, ಪೂರ್ತಿ ಅಸೆಂಬ್ಲಿ ಅನ್ನೋದು ವೋಚರ್, ಜರ್ನಲ್, ಲೆಡ್ಜರ್ ಎಲ್ಲ ಸೇರಿದ ಗಂಟು. ಸರಳ ಮಾಡಿದ್ದು ಬ್ಯಾಲೆನ್ಸ್ ಶೀಟ್. ಹೊರಗಿನವರಿಗೆ ಬ್ಯಾಲೆನ್ಸ್ ಶೀಟ್ ಕೊಡ್ತೀವಿ. ಪೆಟ್ರೋಲ್ ಬಂಕಿನ ಚೀಟಿ ಸಮೇತ ಯಾರೂ ಕೊಡಲ್ಲ.

ಒಂದು ವಿಷಯ ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಬ್ಯಾಲೆನ್ಸ್ ಶೀಟ್ ಚಿಕ್ಕದು ಅಂತ ಅದನ್ನ ಮಾಡೋ ಕೆಲಸ ಚಿಕ್ಕದಲ್ಲ. ಚಿಕ್ಕದು ಮಾಡಬೇಕಾದ್ರೆ ದೊಡ್ಡದನ್ನೆಲ್ಲ ಒಂದು ಸಲ ಪೂರ್ತಿ ಓದಲೇಬೇಕು. ಕಂಪ್ಯೂಟರ್ ಸಾಯೋದು ಅಲ್ಲೇ.

3/8

ಈ ಫೋಟೋದಲ್ಲಿ ಅಪ್ಪನ ಕೈ. ಮುಖ ಹಾಕಬೇಡ ಅಂದಿದ್ದಾರೆ.

ಆರ್ಡರ್ 11,40,000 ರೂಪಾಯಿಯದು. ಲೇಔಟ್‌ಗೆ ಒಪ್ಪಿಗೆ ಸಿಕ್ಕಿದ ಮೇಲೆ ಶೇಕಡ 20 ಕೊಡ್ತೀವಿ ಅಂತ ಪಿಒದಲ್ಲಿದೆ. ಅಂದ್ರೆ 2,28,000. ಫೈಲು ಮಾರನೇ ದಿನ ಬೆಳಿಗ್ಗೆ ಹತ್ತರೊಳಗೆ ಅವರ ಕೈಲಿರಬೇಕಿತ್ತು, ಇಲ್ಲದಿದ್ರೆ ಲೇಔಟ್ ಮೀಟಿಂಗ್ ಮುಂದಿನ ತಿಂಗಳಿಗೆ ಹೋಗ್ತಿತ್ತು. ಸಂಬಳದ ಶೀಟ್ ಮಾಡೋದು ನಾನೇ. 7ನೇ ತಾರೀಖಿಗೆ ಎಷ್ಟು ಬೇಕು, ಬ್ಯಾಂಕಲ್ಲಿ ಎಷ್ಟಿದೆ ಅಂತ ಆ ರೂಮಲ್ಲಿ ಸರಿಯಾಗಿ ಗೊತ್ತಿದ್ದಿದ್ದು ನನಗೊಬ್ಬಳಿಗೇ. ಅಪ್ಪ ಬಾಯಿಬಿಟ್ಟು ಕೇಳಲ್ಲ. ಮೂರು ಸಲ ಮೇಲೆ ಬಂದು, ಸ್ಕ್ರೀನ್ ನೋಡಿ, ಟೀ ಬೇಕಾ ಅಂತ ಕೇಳಿ ಹೋದ್ರು.

"ಹಂಗಾದ್ರೆ ಪೂರ್ತಿ ಫೈಲನ್ನೇ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಬಹುದಿತ್ತಲ್ಲ?" ಅಂತ ನೀವು ಕೇಳ್ತೀರಿ. ಒಂಬತ್ತು ಗಂಟೆಗೆ ನಾನೂ ಅದನ್ನೇ ಕೇಳಿದೆ.

ಎರಡು ವರ್ಷದ ಹಿಂದೆ ಒಂದು ಕಡೆಗೆ ಹಾಗೇ ಕಳಿಸಿದ್ವಿ. ಪೂರ್ತಿ ಮಾಡೆಲ್, ಒಳಗಿನ ಸ್ಟಾಪರ್ ಮೆಕ್ಯಾನಿಸಂ ಸಮೇತ. ಮೊದಲನೇ ಮಷೀನ್ ನಮ್ಮಿಂದ ತಗೊಂಡ್ರು. ಎರಡನೇದು, ಮೂರನೇದು ಬೇರೆ ಕಡೆ ಮಾಡಿಸಿದ್ರು, ನಮಗಿಂತ ಕಮ್ಮಿ ರೇಟಿಗೆ. ಸರ್ವಿಸ್‌ಗೆ ಅಂತ ಹೋದಾಗ ಅಪ್ಪ ಪಕ್ಕದಲ್ಲಿ ನಿಂತಿದ್ದ ಆ ಮಷೀನ್‌ಗಳನ್ನ ನೋಡಿದ್ರು. ಅಕ್ಕ ಒಂದು ಬ್ರಾಕೆಟ್‌ನಲ್ಲಿ ತಪ್ಪಾಗಿ ಬಿಟ್ಟಿದ್ದ, ಯಾವುದಕ್ಕೂ ಬೇಡದ ಒಂದು ತೂತು ಅವುಗಳಲ್ಲೂ ಇತ್ತಂತೆ.

ಅವತ್ತಿಂದ ಅಪ್ಪನದು ಒಂದೇ ಮಾತು: "ಗೋಡೆ ತೋರಿಸಿ, ಅಡುಗೆಮನೆ ತೋರಿಸಬೇಡಿ."

ಅದಕ್ಕೇ ನಮಗೆ ಸರಳ ಮಾಡೋದು ಅಂದ್ರೆ ಫೈಲ್ ಸೈಜ್ ಕಮ್ಮಿ ಮಾಡೋ ವಿಷಯ ಮಾತ್ರ ಅಲ್ಲ. ಅಕ್ಕನ ತಲೆಯಲ್ಲಿರೋದನ್ನ ಅಕ್ಕನ ಹತ್ತಿರವೇ ಉಳಿಸೋದು.

4/8

ಈಗ ನಾಚಿಕೆ ಆಗೋ ಭಾಗ.

ಆರನೇ ಸಲ ಪ್ರೋಗ್ರಾಂ ಸತ್ತಾಗ ಅಪ್ಪ ಬಾಗಿಲಲ್ಲೇ ನಿಂತಿದ್ರು. ನಾನು ಅವರ ಎದುರಿಗೇ ಅಕ್ಕನಿಗೆ ಅಂದುಬಿಟ್ಟೆ: "ನೀನು ಮಾಡೆಲ್ಲೇ ಸರಿಯಾಗಿ ಮಾಡಿಲ್ಲ. ಸುಮ್ನೆ ಕಂಪ್ಯೂಟರ್ ಮೇಲೆ ಯಾಕೆ ಹಾಕ್ತೀಯ?"

ಅಕ್ಕ ಏನೂ ಹೇಳಲಿಲ್ಲ. ಅಪ್ಪ ಕೆಳಗೆ ಇಳಿದು ಹೋದ್ರು. ಆ ಮೆಟ್ಟಿಲ ಸದ್ದು ಈಗಲೂ ಕಿವಿಯಲ್ಲಿದೆ.

ಸ್ವಲ್ಪ ಹೊತ್ತಾದ ಮೇಲೆ ಅವಳು ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡ್ತೀನಿ ಅಂತ ಹೊರಟಳು. ಅದೂ ಒಂದು ನಿಜವಾದ ಕಾರಣವೇ. ಕ್ಯಾಡ್ ಸಾಯೋದಕ್ಕೆ ಹಳೇ ಡ್ರೈವರ್ ಎಷ್ಟೋ ಸಲ ಕಾರಣ ಆಗುತ್ತೆ. ಆದ್ರೆ ಅದೇ ಕಾರಣ ಅಂತ ನಮಗೆ ಗೊತ್ತಿರಲಿಲ್ಲ, ಬರೀ ಊಹೆ. ರಾತ್ರಿ ಒಂಬತ್ತೂವರೆಗೆ ಊಹೆ ಮೇಲೆ ಡ್ರೈವರ್ ಬದಲಾಯಿಸಿ, ಸ್ಕ್ರೀನೇ ಬರದಿದ್ರೆ?

ಆಗ ನನಗೆ ನಮ್ಮ ಅಕೌಂಟ್ಸ್ ಸರ್ ನೆನಪಾದ್ರು. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ಮೊದಲನೇ ಪುಟದಿಂದ ಮತ್ತೆ ಮತ್ತೆ ಕೂಡಬೇಡಿ, ಮೊದಲು ವ್ಯತ್ಯಾಸ ನೋಡಿ ಅಂತಾರಲ್ಲ. ವ್ಯತ್ಯಾಸ 9ರಿಂದ ಭಾಗ ಆದ್ರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು, 54ರ ಬದಲು 45 ಬರೆದ ಹಾಗೆ. ಸರಿಯಾಗಿ ಅರ್ಧ ಮಾಡಿದ್ರೆ ಬರೋ ಮೊತ್ತ ಯಾವುದೋ ಎಂಟ್ರಿಯಲ್ಲಿದ್ರೆ ಅದನ್ನ ತಪ್ಪು ಪಕ್ಕಕ್ಕೆ ಹಾಕಿರಬಹುದು. ತಪ್ಪು ತನ್ನ ಗುರುತನ್ನ ತಾನೇ ಬಿಟ್ಟು ಹೋಗಿರುತ್ತೆ.

ನಾವು ಆರು ಸಲ ಕ್ರ್ಯಾಶ್ ಮಾಡಿದ್ವಿ, ಒಂದು ಸಲವೂ ಏನನ್ನೂ ಬರೆದಿಟ್ಟುಕೊಂಡಿರಲಿಲ್ಲ. ಆರು ತಪ್ಪು, ಸೊನ್ನೆ ಮಾಹಿತಿ.

ನನ್ನ ಬ್ಯಾಗಿಂದ ರೂಲ್ಡ್ ನೋಟ್‌ಬುಕ್ ತೆಗೆದು ನಾಲ್ಕು ಕಾಲಂ ಎಳೆದೆ. ಸಮಯ. ಏನು ಬದಲಾಯಿಸಿದ್ವಿ. ಎಲ್ಲಿ ಸತ್ತಿತು. ಮೆಮೊರಿ ಎಷ್ಟಿತ್ತು. ಎರಡನೇ ಫೋಟೋ ಅದೇ ಪುಟ, ಟೀ ಕಲೆ ಸಮೇತ.

5/8

ಮೊದಲು ಮಾಡಿದ್ದು ಕಾಪಿ. ಪೂರ್ತಿ ಪ್ರಾಜೆಕ್ಟನ್ನ ಬೇರೆ ಫೋಲ್ಡರ್‌ಗೆ ಹಾಕಿ, ಪ್ರಯೋಗ ಎಲ್ಲ ಅದರ ಮೇಲೆ. ಅದೂ ಪೆನ್‌ಡ್ರೈವ್ ಅಥವಾ ಕ್ಲೌಡ್‌ಗೆ ಸಿಂಕ್ ಆಗೋ ಫೋಲ್ಡರ್ ಅಲ್ಲ, ಕಂಪ್ಯೂಟರ್‌ನದೇ ಡಿಸ್ಕ್.

ಆಮೇಲೆ ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿ ತೆರೆದಿಟ್ಟು ಏಳನೇ ಸಲ ಒತ್ತಿದ್ವಿ. ಅಕ್ಕ ಪರ್ಸೆಂಟೇಜ್ ನೋಡ್ತಿದ್ಲು, ನಾನು ಮೆಮೊರಿ ಓದಿ ಬರೀತಿದ್ದೆ. ಒಟ್ಟು 16 ಜಿಬಿ. 6, 9, 12, 14, 15.6. ಢಮಾರ್.

ಗೊತ್ತಾಯ್ತಾ? ರ್‍ಯಾಮ್ ತುಂಬಿದಾಗ ವಿಂಡೋಸ್ ಡಿಸ್ಕ್‌ನಲ್ಲಿ ಪೇಜ್ ಫೈಲ್ ಅಂತ ಒಂದು ಜಾಗ ಇಟ್ಟುಕೊಂಡು, ಉಳಿದಿದ್ದನ್ನ ಅಲ್ಲಿಗೆ ಸಾಗಿಸುತ್ತೆ. ಕ್ಯಾಡ್ ತನ್ನ ತಾತ್ಕಾಲಿಕ ಫೈಲುಗಳನ್ನೂ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಬರೆಯುತ್ತೆ. ನಮ್ಮ ಸಿ ಡ್ರೈವ್ ನೋಡಿದ್ರೆ ಖಾಲಿ ಇದ್ದಿದ್ದು 3 ಜಿಬಿ! ಉಳಿದಿದ್ದರಲ್ಲಿ ಹೆಚ್ಚಿನ ಪಾಲು ಚಿಕ್ಕಮ್ಮನ ಮಗನ ಮದುವೆ ವಿಡಿಯೋ. ಅದನ್ನ ನಾನೇ ಹಾಕಿದ್ದು, ಎಡಿಟ್ ಮಾಡ್ತೀನಿ ಅಂತ.

ವಿಡಿಯೋ ಎಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿ, ಬ್ರೌಸರ್ ಮುಚ್ಚಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಎಂಟನೇ ಸಲ. ಈ ಸಲ ಇನ್ನೂ ಮುಂದೆ ಹೋಯ್ತು, ತೊಂಬತ್ತೊಂದು ಪರ್ಸೆಂಟ್. ಆದ್ರೂ ಸತ್ತಿತು.

ಇಲ್ಲಿ ಬೇಜಾರಾಗುತ್ತೆ, ಆದ್ರೆ ಬೇಜಾರಾಗಬಾರದು. ಸಾಯೋ ಜಾಗ ಬದಲಾಯ್ತು ಅಂದ್ರೆ ಒಂದು ಕಾರಣವನ್ನ ತೆಗೆದಿದ್ದೀವಿ, ಇನ್ನೊಂದು ಒಳಗಿದೆ ಅಂತ.

ಡ್ರೈವರ್ ಅನುಮಾನವನ್ನೂ ಆಗಲೇ ತೀರಿಸಿಕೊಂಡ್ವಿ. ಸ್ಟಾರ್ಟ್‌ನಲ್ಲಿ "ರಿಲಯಬಿಲಿಟಿ" ಅಂತ ಟೈಪ್ ಮಾಡಿದ್ರೆ ಯಾವ ದಿನ ಏನು ಸತ್ತಿತು ಅಂತ ವಿಂಡೋಸ್ ಇಟ್ಟಿರೋ ಡೈರಿ ಸಿಗುತ್ತೆ. ಅದರಲ್ಲಿ ಡ್ರೈವರ್ ಹೆಸರೇ ಇರಲಿಲ್ಲ. ಸಾಫ್ಟ್‌ವೇರ್ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಬಳಸಬೇಡ ಅಂತ ಟಿಕ್ ಮಾಡಿ ಒಂಬತ್ತನೇ ಸಲ ಓಡಿಸಿದ್ವಿ. ಅದೇ ತೊಂಬತ್ತೊಂದಕ್ಕೆ ಸತ್ತಿತು. ಡ್ರೈವರ್ ನಿರಪರಾಧಿ.

6/8

ಹತ್ತನೇ ಸಲಕ್ಕೆ ಅಕ್ಕ ಬೇರೆ ದಾರಿ ಹಿಡಿದಳು. ಮೊದಲು ನಟ್ಟು, ಬೋಲ್ಟು, ವಾಷರ್ ಎಲ್ಲವನ್ನೂ ಆಯ್ಕೆ ಮಾಡಿ ಲೆಕ್ಕದಿಂದ ಹೊರಗಿಟ್ಟಳು. ಬೋಲ್ಟಿನ ಥ್ರೆಡ್ ನೋಡೋಕೆ ಚೂರು, ಆದ್ರೆ ಅದನ್ನ ನಿಜವಾದ ಸುರುಳಿಯಾಗೇ ಬರೆದಿದ್ರೆ ಕಂಪ್ಯೂಟರ್‌ಗೆ ಅದು ದೊಡ್ಡ ಪ್ಲೇಟಿಗಿಂತ ಭಾರ. ಎಲ್ಲ ಸೇರಿಸಿ ಒಂದೇ ಗಟ್ಟಿ ಮುದ್ದೆ ಮಾಡು ಅನ್ನೋ ಆಯ್ಕೆಯನ್ನೂ ತೆಗೆದಳು. ಎರಡು ಭಾಗ ಬರೀ ಒಂದು ಅಂಚಿನಲ್ಲಿ ತಾಗಿದ್ರೆ ಅವನ್ನ ಒಂದೇ ಮುದ್ದೆ ಮಾಡೋಕೆ ಸಾಫ್ಟ್‌ವೇರ್ ಒದ್ದಾಡುತ್ತೆ. ಬೇರೆ ಬೇರೆಯಾಗೇ ಇರಲಿ, ಗಿರಾಕಿಗೆ ಏನೂ ವ್ಯತ್ಯಾಸ ಆಗಲ್ಲ.

ಇಷ್ಟೆಲ್ಲ ಮಾಡಿದ್ರೂ ಸತ್ತಿತು. "ಇದಿಷ್ಟನ್ನೂ ಒಟ್ಟಿಗೆ ಬೇಡ ಕಣೇ, ಒಂದೊಂದು ಸಬ್ ಅಸೆಂಬ್ಲಿ ತಗೊಳ್ಳೋಣ," ಅಂದಳು. ಒಟ್ಟು 14 ಇದ್ವು. ಒಂದೊಂದನ್ನೇ ತೆರೆದು, ಸರಳ ಮಾಡಿ, ಸೇವ್ ಮಾಡಿ, ಮುಚ್ಚೋದು. ಮೆಮೊರಿ 7 ಜಿಬಿ ದಾಟಲಿಲ್ಲ. ಹದಿಮೂರು ಪಾಸ್!

ಒಂದು ಫೇಲ್. ಸ್ಟಾಪರ್ ಸ್ಟೇಷನ್, ಉಳಿದಿದ್ದ ಪಾರ್ಟ್ 186. ಮೆಮೊರಿ ಬರೀ 5 ಜಿಬಿ ಇದ್ದಾಗಲೇ ಸತ್ತಿತು. ಹನ್ನೊಂದನೇ ಸಲ. ಸ್ಟೋರಿ ಹಾಕಿದ್ದು ಆಗಲೇ, ರಾತ್ರಿ 12:10ಕ್ಕೆ.

ನೋಟ್‌ಬುಕ್ ನೋಡಿ. ಮೆಮೊರಿ ತುಂಬಿ ಸತ್ತರೆ ಒಂದು ರೋಗ. ಮೆಮೊರಿ ಖಾಲಿ ಇದ್ದರೂ ಪ್ರತಿ ಸಲ ಅದೇ ಜಾಗದಲ್ಲಿ ಸತ್ತರೆ ಬೇರೆ ರೋಗ. ಆಗ ಯಾವುದೋ ಒಂದು ಪಾರ್ಟಿನ ಆಕಾರದಲ್ಲೇ ತಪ್ಪಿದೆ ಅಂತ ಅನುಮಾನ ಪಡಬೇಕು.

186ರಲ್ಲಿ ಯಾವುದು? ಒಂದೊಂದಾಗಿ ನೋಡಿದ್ರೆ ಬೆಳಗಾಗುತ್ತೆ. ಅರ್ಧ ಮಾಡಿ. 93 ಪಾರ್ಟ್ ಇಟ್ಟುಕೊಳ್ಳಿ, 93 ಹೊರಗಿಡಿ. ಸತ್ತರೆ ಕಳ್ಳ ಒಳಗಿದ್ದಾನೆ, ಬದುಕಿದ್ರೆ ಹೊರಗಿದ್ದಾನೆ. ಆಮೇಲೆ 47, 24, 12, 6, 3, 2, 1. ಎಂಟೇ ಸಲ! ಎರಡೆರಡು ನಿಮಿಷ. ಪ್ರತಿ ಸಲ ಇನ್ನೊಂದು ಅರ್ಧವನ್ನೂ ಓಡಿಸಿ ನೋಡಿದ್ವಿ, ಕಳ್ಳರು ಇಬ್ಬರಿದ್ರೆ ಅಂತ. ಇರಲಿಲ್ಲ.

7/8

ರಾತ್ರಿ ಒಂದು ಗಂಟೆಗೆ ಸ್ಕ್ರೀನ್ ಮೇಲೆ ಉಳಿದಿದ್ದು ಒಂದೇ ಒಂದು ಸ್ಪ್ರಿಂಗು. ನನ್ನ ಕಿರುಬೆರಳಷ್ಟು ಉದ್ದ. ಫೈಲಿನ ಹೆಸರು: ಪುಟ್ಟಿ ಸ್ಪ್ರಿಂಗ್.

ಮನೇಲಿ ನನ್ನನ್ನ ಪುಟ್ಟಿ ಅಂತ ಕರೆಯೋದು.

ಹೋದ ವರ್ಷ ರಜೆಯಲ್ಲಿ ನನಗೂ ಕಲಿಸು ಅಂತ ಅಕ್ಕನ ಬೆನ್ನು ಬಿದ್ದಿದ್ದೆ. ಅವಳು ಒಂದು ಸ್ಪ್ರಿಂಗ್ ಬರಿ ನೋಡೋಣ ಅಂದಿದ್ಲು. ಬರೆದೆ. ತಂತಿ ದಪ್ಪ 2 ಎಂಎಂ, ಸುತ್ತಿಂದ ಸುತ್ತಿಗೆ ದೂರ 1.9 ಎಂಎಂ. ಲೆಕ್ಕ ಹಾಕಿ ನೋಡಿ: ಒಂದು ಸುತ್ತು ಮುಂದಿನ ಸುತ್ತಿನ ಮೈಯೊಳಗೇ ತೂರಿಕೊಂಡಿದೆ. ಕಬ್ಬಿಣದಲ್ಲಿ ಅಂಥ ಸ್ಪ್ರಿಂಗ್ ಇರೋಕೆ ಸಾಧ್ಯವೇ ಇಲ್ಲ. ಬರೆಯುವಾಗ ಹಳದಿ ಬಣ್ಣದ ಎಚ್ಚರಿಕೆ ಗುರುತು ಬಂದಿತ್ತು. ನಾನು ಓಕೆ ಒತ್ತಿದ್ದೆ. ಅಕ್ಕ ಖುಷಿಗೆ ಅದನ್ನೇ ತನ್ನ ಸ್ಟಾಪರ್‌ನಲ್ಲಿ ಹಾಕ್ಕೊಂಡಿದ್ಲು.

ಇಷ್ಟು ದಿನ ಯಾಕೆ ಏನೂ ಆಗಿರಲಿಲ್ಲ? ಸ್ಕ್ರೀನ್ ಮೇಲೆ ತೋರಿಸೋಕೆ ಕಂಪ್ಯೂಟರ್ ಅಷ್ಟು ಆಳಕ್ಕೆ ಹೋಗಲ್ಲ. ಸರಳ ಮಾಡುವಾಗ ಮಾತ್ರ ಪ್ರತಿ ಆಕಾರದಲ್ಲೂ ಒಳಗೆ ಯಾವುದು, ಹೊರಗೆ ಯಾವುದು ಅಂತ ಕೇಳುತ್ತೆ. ನನ್ನ ಸ್ಪ್ರಿಂಗಿನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ತಪ್ಪು ವೋಚರ್ ವರ್ಷವಿಡೀ ಫೈಲಲ್ಲಿ ಸುಮ್ಮನಿದ್ದು ಮಾರ್ಚ್‌ನಲ್ಲಿ ಮಾತಾಡೋ ಹಾಗೆ.

ಸ್ಪ್ರಿಂಗ್ ಜಾಗದಲ್ಲಿ ಒಂದು ಸಾದಾ ಸಿಲಿಂಡರ್ ಇಟ್ಟಳು. ಸಸ್ಪೆನ್ಸ್ ಅಕೌಂಟ್ ಅಂದ್ಕೊಳ್ಳಿ. ಸ್ಟೇಷನ್ ಪಾಸಾಯ್ತು. ಹದಿನಾಲ್ಕನ್ನೂ ಜೋಡಿಸಿದ್ರೆ 11 ಎಂಬಿ.

ನಾನು ಕಳಿಸಿಬಿಡು ಅಂದೆ. ಅಕ್ಕ ಅಳತೆ ಹಿಡಿದು ನೋಡಿದಳು. ಉದ್ದ ಸರಿ, ಎತ್ತರ ಸರಿ. ಬೇಸ್ ಪ್ಲೇಟಿನ ತೂತುಗಳೇ ಇಲ್ಲ! ಸಣ್ಣ ತೂತು ಮುಚ್ಚು ಅಂದಿದ್ದಕ್ಕೆ ಆಂಕರ್ ಬೋಲ್ಟಿನ 14 ಎಂಎಂ ತೂತುಗಳನ್ನೂ ಮುಚ್ಚಿತ್ತು. ಗಿರಾಕಿ ನೆಲ ಕೊರೆಯೋದೇ ಅವನ್ನ ನೋಡಿ. 10 ಎಂಎಂ ವರೆಗಿನದು ಮಾತ್ರ ಮುಚ್ಚು ಅಂತ ಬದಲಿಸಿ ಫ್ರೇಮ್ ಒಂದನ್ನೇ ಮತ್ತೆ ಮಾಡಿದಳು. 2:25ಕ್ಕೆ ಮೇಲ್ ಹೋಯ್ತು.

8/8

ಕೊನೇ ಫೋಟೋ ಬೆಳಗಿನ ಉಪ್ಪಿಟ್ಟು.

ರಾತ್ರಿಯೇ ಅಕ್ಕನಿಗೆ ಸಾರಿ ಅಂದೆ. "ಚೆಕ್ ಮಾಡದೆ ಹಾಕ್ಕೊಂಡವಳು ನಾನೇ ಅಲ್ವೇನೇ," ಅಂದಳು, ಅಷ್ಟೇ. ನನಗದು ಸಾಕಾಗಲಿಲ್ಲ. ತಪ್ಪು ಯಾವ ಖಾತೆಯಲ್ಲಿ ಆಗಿದೆಯೋ ತಿದ್ದುಪಡಿ ಎಂಟ್ರಿಯೂ ಅದೇ ಖಾತೆಗೆ ಬೀಳಬೇಕು ಅಲ್ವಾ? ನಾನು ಅಂದಿದ್ದು ಅಪ್ಪನ ಎದುರಿಗೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಅಪ್ಪನ ಎದುರಿಗೇ ಹೇಳಿದೆ: "ಅಪ್ಪಾ, ಮಾಡೆಲ್ ಸರಿ ಇತ್ತು. ಕೆಟ್ಟಿದ್ದು ನನ್ನ ಸ್ಪ್ರಿಂಗು. ಡಿಸ್ಕ್ ತುಂಬಿಸಿದ್ದೂ ನಾನೇ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಎಂಎಂ ತಂತಿಗೆ ಒಂದೂ ಒಂಬತ್ತು ಪಿಚ್ಚಾ?" ಅಂತ ನಕ್ಕರು. ಅಕ್ಕನ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಬಿತ್ತು. ನನಗಿಲ್ಲ.

ಒಪ್ಪಿಗೆ ಬಂತು. ಹಣ 6ನೇ ತಾರೀಖು ಬಂತು. 7ಕ್ಕೆ ಸಂಬಳ ಆಯ್ತು.

ಮೆಕ್ಯಾನಿಕಲ್ ಓದ್ತಿರೋ ನಿಮ್ಮ ಫ್ರೆಂಡ್ಸ್‌ಗೆ ಇಷ್ಟನ್ನ ಕಳಿಸಿ, ಸೇವ್ ಮಾಡ್ಕೊಳ್ಳಲಿ:

ಕಾಪಿ ಮೇಲೆ ಕೆಲಸ ಮಾಡಿ. ಸಿ ಡ್ರೈವ್‌ನಲ್ಲಿ ಜಾಗ ನೋಡಿ. ಮೆಮೊರಿ ನೋಡ್ತಾ ಓಡಿಸಿ, ಎಲ್ಲಿ ಸತ್ತಿತು ಅಂತ ಬರೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹತ್ತನೇ ಸಲ ನಾವು ಎರಡು ಒಟ್ಟಿಗೆ ಮಾಡಿ ಯಾವುದು ಕೆಲಸ ಮಾಡ್ತು ಅಂತ ಗೊತ್ತಾಗದೆ ಹೋಯ್ತು. ಬೋಲ್ಟುಗಳನ್ನ ಮೊದಲೇ ತೆಗೀರಿ. ಸಬ್ ಅಸೆಂಬ್ಲಿ ಒಂದೊಂದಾಗಿ ಮಾಡಿ. ಅದೇ ಜಾಗದಲ್ಲಿ ಸಾಯ್ತಿದ್ರೆ ಅರ್ಧ ಅರ್ಧ ಮಾಡಿ ಹುಡುಕಿ. ಕಳಿಸೋ ಮುಂಚೆ ತೂತುಗಳನ್ನ ಎಣಿಸಿ. ಹಳದಿ ಎಚ್ಚರಿಕೆ ಬಂದಾಗ ಓಕೆ ಒತ್ತೋ ಮೊದಲು ಓದಿ.

ನನ್ನ ಕ್ಲಾಸಿನವರಿಗೆ ಒಂದೇ ಮಾತು. ಏನಾದ್ರೂ ಕೆಟ್ಟಾಗ ಯಾರದು ತಪ್ಪು ಅಂತ ಕೇಳೋಕೆ ಮುಂಚೆ ಎಲ್ಲಿದೆ ತಪ್ಪು ಅಂತ ಕೇಳಿ. ನಾನು ಉಲ್ಟಾ ಮಾಡಿದೆ, ಮೂರು ಗಂಟೆ ಹಾಳಾಯ್ತು, ಅಕ್ಕನ ಮನಸ್ಸೂ ನೋಯ್ತು.

ಸ್ಪ್ರಿಂಗನ್ನ ನಾನು ಮತ್ತೆ ಬರೆದಿದ್ದೀನಿ. ಪಿಚ್ 4 ಎಂಎಂ. ಅಕ್ಕ ಚೆಕ್ ಮಾಡಿ ಪಾಸ್ ಮಾಡಿದ್ದಾಳೆ. ಫೈಲಿನ ಹೆಸರು ಅದೇ ಇರಲಿ ಅಂದಳು.

ನಿಮ್ಮ "ಹನ್ನೊಂದನೇ ಸಲ" ಯಾವುದು? ಕಾಮೆಂಟಲ್ಲಿ ಬರೀರಿ, ಓದ್ತೀನಿ.

#ಬಿಕಾಂಡೈರಿ #ಪೀಣ್ಯ #ಅಕ್ಕತಂಗಿ #ಕ್ಯಾಡ್‌ಕಥೆ